ಕಡ್ಡಾಯ ಹೋಯಿತು, ಬಿಲ್ ಉಳಿಯಿತು: ಅಮೆರಿಕದ ಆರೋಗ್ಯ ವಿಮೆಯ ಮುಗಿಯದ ಜಗಳ

2025ರ ಡಿಸೆಂಬರ್ 11ರಂದು ಅಮೆರಿಕದ ಸೆನೆಟ್‌ನಲ್ಲಿ ಒಂದೇ ದಿನ ಎರಡು ಮಸೂದೆಗಳು ಬಿದ್ದುಹೋದವು. ಒಂದು ಡೆಮಾಕ್ರಟರದ್ದು. ಆರೋಗ್ಯ ವಿಮೆಯ ಪ್ರೀಮಿಯಂ ಕಟ್ಟಲು ಸರ್ಕಾರ ಕೊಡುತ್ತಿದ್ದ ಹೆಚ್ಚುವರಿ ಸಬ್ಸಿಡಿಯನ್ನು ಇನ್ನೂ 3 ವರ್ಷ ಮುಂದುವರಿಸಿ ಎನ್ನುವುದು ಅದರ ಸಾರ. ಇನ್ನೊಂದು ರಿಪಬ್ಲಿಕನ್ನರದ್ದು. ಆ ದುಡ್ಡನ್ನು ವಿಮಾ ಕಂಪನಿಗೆ ಯಾಕೆ ಕೊಡುತ್ತೀರಿ, ನೇರವಾಗಿ ಜನರ ಆರೋಗ್ಯ ಉಳಿತಾಯ ಖಾತೆಗೇ ಹಾಕಿ ಎಂದಿತು ಅದು. 50 ವರ್ಷದೊಳಗಿನವರಿಗೆ 1,000 ಡಾಲರ್, ಅದಕ್ಕಿಂತ ದೊಡ್ಡವರಿಗೆ 1,500. ಮುಂದಕ್ಕೆ ಹೋಗಲು 60 ಮತ ಬೇಕಿತ್ತು. ಎರಡೂ 51ಕ್ಕೆ ನಿಂತವು. ಅದಕ್ಕೂ ಮೊದಲು ಇದೇ ಸಬ್ಸಿಡಿಯ ಜಗಳಕ್ಕೆ ಕೇಂದ್ರ ಸರ್ಕಾರವೇ 43 ದಿನ ಬಾಗಿಲು ಹಾಕಿಕೊಂಡು ಕೂತಿತ್ತು. ಡಿಸೆಂಬರ್ 31ಕ್ಕೆ ಸಬ್ಸಿಡಿಯ ಗಡುವು ಮುಗಿಯಿತು. ಹೊಸ ವರ್ಷದ ಮೊದಲ ಪ್ರೀಮಿಯಂ ನೋಡಿ ಲಕ್ಷಾಂತರ ಜನ ಕಣ್ಣು ಕಣ್ಣು ಬಿಟ್ಟರು.

ಟಿವಿಯಲ್ಲಿ ಈ ಜಗಳ ನೋಡಿದರೆ ಮಾರುಕಟ್ಟೆ ಬೇಕಾ, ಸರ್ಕಾರ ಬೇಕಾ ಎಂಬ ಹಳೇ ವಾದದ ಹಾಗೇ ಕೇಳಿಸುತ್ತದೆ. ಎರಡೂ ಪಕ್ಷದವರು ಮೈಕ್ ಮುಂದೆ ಮಾತಾಡುವುದೂ ಹಾಗೇ. ಆದರೆ ಕಳೆದ 35 ವರ್ಷಗಳ ಕಥೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಇಬ್ಬರೂ ಸುತ್ತುತ್ತಿರುವುದು ಒಂದೇ ಪ್ರಶ್ನೆಯ ಸುತ್ತ ಅನ್ನಿಸುತ್ತದೆ: ಕಾಯಿಲೆ ಬಿದ್ದವರ ಖರ್ಚನ್ನು ಯಾರ ಜೇಬಿನಿಂದ ತೆಗೆಯಬೇಕು? ದಂಡ ಹಾಕಿ ಆರೋಗ್ಯವಂತರಿಂದ ತೆಗೆಯಬಹುದು. ತೆರಿಗೆ ಹಾಕಿ ಎಲ್ಲರಿಂದ ತೆಗೆಯಬಹುದು. ಇಲ್ಲವೇ ಕಾಯಿಲೆಯವರೇ ಕಟ್ಟಿಕೊಳ್ಳಲಿ ಎನ್ನಬಹುದು. ನಾಲ್ಕನೇ ದಾರಿ ನನಗಂತೂ ಕಂಡಿಲ್ಲ.

ಮೊದಲು ಜಗಳ ನಡೆಯುತ್ತಿರುವ ಜಾಗ ಯಾವುದು ಅಂತ ಗೊತ್ತಿರಬೇಕು. ಹೆಚ್ಚಿನ ಅಮೆರಿಕನ್ನರಿಗೆ ವಿಮೆ ಬರುವುದು ಕೆಲಸದ ಕಂಪನಿಯಿಂದ. 65 ದಾಟಿದವರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ ಎಂಬ ಸರ್ಕಾರಿ ವಿಮೆ. ಈ ಮೂರರಲ್ಲೂ ಸೇರದವರು ಉಳಿಯುತ್ತಾರಲ್ಲ, ಸಣ್ಣ ಅಂಗಡಿಯವರು, ಸ್ವಂತ ಕೆಲಸದವರು, ಟ್ಯಾಕ್ಸಿ ಓಡಿಸುವವರು, 65ಕ್ಕೆ ಮೊದಲೇ ಕೆಲಸ ಬಿಟ್ಟವರು, ಅವರು ತಾವೇ ಪಾಲಿಸಿ ಕೊಳ್ಳಬೇಕು. ಇಡೀ ವ್ಯವಸ್ಥೆಯಲ್ಲಿ ಇದು ಸಣ್ಣ ಮೂಲೆ. ಆದರೆ ಜಗಳವೆಲ್ಲ ಈ ಮೂಲೆಯಲ್ಲೇ.

ಕೆಲಸಕ್ಕೂ ವಿಮೆಗೂ ಗಂಟು ಬಿದ್ದದ್ದು ಯಾರೋ ಯೋಚಿಸಿ ಮಾಡಿದ್ದಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಅಲ್ಲಿ ಸಂಬಳ ಏರಿಸದಂತೆ ಕಟ್ಟುಪಾಡು ಇತ್ತು. ಕಂಪನಿಗಳು ಸಂಬಳದ ಬದಲು ವಿಮೆ ಕೊಟ್ಟು ಜನರನ್ನು ಸೆಳೆದವು. 1954ರ ತೆರಿಗೆ ಕಾನೂನು ಆ ವಿಮೆಗೆ ತೆರಿಗೆ ಇಲ್ಲ ಎಂದು ಖಾಯಂ ಮಾಡಿತು. ಮಾರುಕಟ್ಟೆಯ ವ್ಯವಸ್ಥೆ ಎಂದು ಅಮೆರಿಕದವರು ಹೆಮ್ಮೆಪಡುವುದರ ಬುಡದಲ್ಲಿ ಇರುವುದು ಸರ್ಕಾರದ ತೆರಿಗೆ ರಿಯಾಯಿತಿ!

ಈಗ ಕಡ್ಡಾಯದ ವಿಷಯಕ್ಕೆ ಬರೋಣ. ಎಲ್ಲರೂ ಆರೋಗ್ಯ ವಿಮೆ ಮಾಡಿಸಲೇಬೇಕು, ಇಲ್ಲದಿದ್ದರೆ ದಂಡ ಎನ್ನುವ ಯೋಚನೆ ಇವತ್ತು ಒಬಾಮಾ ಹೆಸರಿಗೆ ಅಂಟಿಕೊಂಡಿದೆ. ಅದು ಹುಟ್ಟಿದ್ದು ಬಲಪಂಥದ ಮನೆಯಲ್ಲಿ. 1989ರಲ್ಲಿ ಹೆರಿಟೇಜ್ ಫೌಂಡೇಶನ್ ಎಂಬ ಸಂಪ್ರದಾಯವಾದಿ ಚಿಂತಕರ ಸಂಸ್ಥೆಯ ಸ್ಟುವರ್ಟ್ ಬಟ್ಲರ್ ಇದನ್ನು ಮುಂದಿಟ್ಟರು. ಕಾರಿನಲ್ಲಿ ಸೀಟ್ ಬೆಲ್ಟ್ ಹಾಕಿಕೊಳ್ಳಿ ಎಂದು ಹೇಳುವ ಸರ್ಕಾರ ವಿಮೆ ಮಾಡಿಸಿ ಎಂದೂ ಹೇಳಬಹುದು ಎನ್ನುವುದು ಅವರ ವಾದ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಮಾರ್ಕ್ ಪಾಲಿ ಮತ್ತು ಜೊತೆಗಾರರು 1991ರಲ್ಲಿ ಇಂಥದ್ದೇ ಯೋಜನೆ ಬರೆದರು. 1993ರಲ್ಲಿ ರಿಪಬ್ಲಿಕನ್ ಸೆನೆಟರ್ ಜಾನ್ ಚಾಫಿ ತಂದ ಮಸೂದೆಯಲ್ಲೂ ಇದು ಇತ್ತು. ಆಗ ಕ್ಲಿಂಟನ್ ಸರ್ಕಾರ ವಿಮೆಯ ಹೊರೆಯನ್ನು ಕಂಪನಿಗಳ ಮೇಲೆ ಕಡ್ಡಾಯವಾಗಿ ಹೊರಿಸಲು ಹೊರಟಿತ್ತು. ಅದಕ್ಕೆ ಎದುರಾಗಿ, ಮಾಲೀಕರನ್ನು ಬಿಡಿ, ಪ್ರತಿಯೊಬ್ಬರೂ ತಮ್ಮ ಜವಾಬ್ದಾರಿ ತಾವೇ ಹೊರಲಿ ಎಂದು ಈ ಕಡೆಯವರು ಹೇಳುತ್ತಿದ್ದರು.

ಇದರ ಹಿಂದೆ ಒಂದು ನ್ಯಾಯದ ಮಾತೂ ಇತ್ತು. 1986ರಲ್ಲಿ ರೇಗನ್ ಸಹಿ ಹಾಕಿದ ಕಾನೂನಿನ ಪ್ರಕಾರ, ತುರ್ತು ಸ್ಥಿತಿಯಲ್ಲಿ ಬಂದವರನ್ನು ದುಡ್ಡಿಲ್ಲ ಎಂದು ಆಸ್ಪತ್ರೆ ವಾಪಸ್ ಕಳಿಸುವಂತಿಲ್ಲ. ಪರೀಕ್ಷೆ ಮಾಡಿ, ಜೀವಕ್ಕೆ ಅಪಾಯವಿಲ್ಲದ ಸ್ಥಿತಿಗೆ ತರಲೇಬೇಕು. ಹಾಗಿದ್ದ ಮೇಲೆ ವಿಮೆ ಮಾಡಿಸದೆ ಓಡಾಡಿಕೊಂಡಿದ್ದವನು ಅಪಘಾತವಾದಾಗ ಚಿಕಿತ್ಸೆ ಪಡೆಯುತ್ತಾನೆ, ಬಿಲ್ ಮಾತ್ರ ವಿಮೆ ಇದ್ದವರ ತಲೆಗೆ ಬರುತ್ತದೆ. ಇದು ಅನ್ಯಾಯ ಅಲ್ವಾ ಎನ್ನುವುದು ಸಂಪ್ರದಾಯವಾದಿಗಳ ಪ್ರಶ್ನೆ. 20 ವರ್ಷ ಕಳೆಯುವಷ್ಟರಲ್ಲಿ ಅದೇ ಗುಂಪಿನವರು ಇದನ್ನು ಸ್ವಾತಂತ್ರ್ಯಹರಣ ಎಂದರು. ಆ ಕಡೆ ಒಬಾಮಾ ಅವರೂ 2008ರ ಪಕ್ಷದೊಳಗಿನ ಚುನಾವಣೆಯಲ್ಲಿ ಹಿಲರಿ ಕ್ಲಿಂಟನ್ ಅವರ ಕಡ್ಡಾಯದ ಯೋಜನೆಯನ್ನು ವಿರೋಧಿಸಿದ್ದರು. ಗೆದ್ದ ಮೇಲೆ ತಾವೇ ಅದನ್ನು ಜಾರಿಗೆ ತಂದರು. ರಾಜಕೀಯದಲ್ಲಿ ಇದೆಲ್ಲ ಇದ್ದದ್ದೇ ಬಿಡಿ.

ಕಡ್ಡಾಯ ಯಾಕೆ ಬೇಕು ಎನ್ನುವುದಕ್ಕೆ ಅರ್ಥಶಾಸ್ತ್ರದ ಪಾಠಕ್ಕಿಂತ ವಾಷಿಂಗ್ಟನ್ ರಾಜ್ಯದ ಕಥೆ ಚೆನ್ನಾಗಿದೆ. ರಾಜಧಾನಿಯಲ್ಲ, ಸಿಯಾಟಲ್ ಇರುವ ರಾಜ್ಯ. 1993ರಲ್ಲಿ ಅಲ್ಲಿ ಒಂದು ಕಾನೂನು ಬಂತು. ಮೊದಲೇ ಕಾಯಿಲೆ ಇದ್ದವರಿಗೂ ವಿಮಾ ಕಂಪನಿಗಳು ಪಾಲಿಸಿ ಕೊಡಲೇಬೇಕು. ಜೊತೆಗೆ ಎಲ್ಲರೂ ವಿಮೆಯೊಳಗೆ ಬರುವ ಹಾಗೆ ಹಂತಹಂತವಾಗಿ ಕಡ್ಡಾಯ ಮಾಡಬೇಕು. ಮರುವರ್ಷದ ಚುನಾವಣೆಯಲ್ಲಿ ಗಾಳಿ ಬದಲಾಯಿತು. 1995ರಲ್ಲಿ ಶಾಸಕರು ಕಡ್ಡಾಯದ ಭಾಗವನ್ನು ಕಿತ್ತುಹಾಕಿದರು. ಕಾಯಿಲೆಯವರನ್ನು ತಿರಸ್ಕರಿಸುವಂತಿಲ್ಲ ಎನ್ನುವ ಭಾಗವನ್ನು ಮಾತ್ರ ಉಳಿಸಿಕೊಂಡರು. ಯಾಕೆಂದರೆ ಅದು ಜನರಿಗೆ ಇಷ್ಟವಾಗಿತ್ತು. ಯಾರಿಗೆ ತಾನೇ ಇಷ್ಟವಾಗುವುದಿಲ್ಲ?

ಆಮೇಲೆ ಆಗಬೇಕಾದ್ದೇ ಆಯಿತು. ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ದಡ್ಡತನ ಅಂತ ನಮ್ಮ ಗಾದೆ ಹೇಳುತ್ತದೆ. ಈ ಕಾನೂನಿನಡಿ ಬೆಂಕಿ ಬಿದ್ದ ಮೇಲೆ ಬಾವಿ ತೋಡಿಸುವುದೇ ಜಾಣತನವಾಯಿತು. ಆರೋಗ್ಯವಾಗಿದ್ದಾಗ ಪ್ರೀಮಿಯಂ ಯಾಕೆ ಕಟ್ಟಬೇಕು, ಕಾಯಿಲೆ ಬಂದಾಗ ಕೊಂಡರಾಯಿತು. ಕಾಯುವ ಅವಧಿ ಇದ್ದದ್ದು ಬರೀ 3 ತಿಂಗಳು. ಗರ್ಭಿಣಿಯಾದ ಮೇಲೆ ಪಾಲಿಸಿ ಕೊಂಡು ಹೆರಿಗೆ ಮುಗಿದ ಮೇಲೆ ಬಿಟ್ಟುಬಿಡುತ್ತಾರೆ ಎಂದು ಕಂಪನಿಗಳು ದೂರಿದವು. ಕ್ಲೇಮ್ ಏರಿತು, ಅದರ ಹಿಂದೆ ಪ್ರೀಮಿಯಂ ಏರಿತು. ಪ್ರೀಮಿಯಂ ಏರಿದಾಗ ಇನ್ನಷ್ಟು ಆರೋಗ್ಯವಂತರು ಬಿಟ್ಟುಹೋದರು. ಉಳಿದವರಲ್ಲಿ ಕಾಯಿಲೆಯವರ ಪಾಲು ಜಾಸ್ತಿಯಾಗಿ ಪ್ರೀಮಿಯಂ ಮತ್ತೆ ಏರಿತು. 1998ರ ಕೊನೆಯಿಂದ ದೊಡ್ಡ ಕಂಪನಿಗಳು ಒಂದೊಂದಾಗಿ ಹೊಸ ಪಾಲಿಸಿ ಮಾರುವುದನ್ನೇ ನಿಲ್ಲಿಸಿದವು. 1999ರ ಹೊತ್ತಿಗೆ ರಾಜ್ಯದ ಬಹುತೇಕ ಕಡೆ ದುಡ್ಡು ಹಿಡಿದುಕೊಂಡು ಹೋದರೂ ಸ್ವಂತಕ್ಕೆ ಹೊಸ ಪಾಲಿಸಿ ಸಿಗುತ್ತಿರಲಿಲ್ಲ. ಕಾಯಿಲೆಯವರಿಗೆ ಅನುಕೂಲವಾಗಲಿ ಎಂದು ತಂದ ಕಾನೂನು ಯಾರಿಗೂ ವಿಮೆ ಇಲ್ಲದ ಹಾಗೆ ಮಾಡಿತು. 2000ದಲ್ಲಿ ಶಾಸಕರು ಹಿಂದೆ ಸರಿದರು. ಹೆಚ್ಚು ಕಾಯಿಲೆ ಇರುವವರನ್ನು ಜರಡಿ ಹಿಡಿದು ಬೇರೆ ಗುಂಪಿಗೆ ಹಾಕಲು ಕಂಪನಿಗಳಿಗೆ ಬಿಟ್ಟರು.

ಇದೇ ತೊಂದರೆಗೆ ಭಾರತದಲ್ಲಿ ಕಂಡುಕೊಂಡ ದಾರಿ ಬೇರೆ. ಬೆಂಗಳೂರಿನಲ್ಲಿ ಕೂತು ಆರೋಗ್ಯ ಪಾಲಿಸಿ ಕೊಂಡವರಿಗೆಲ್ಲ ಗೊತ್ತು. ಸಕ್ಕರೆ ಕಾಯಿಲೆ, ಬಿಪಿ ಮೊದಲೇ ಇದ್ದರೆ ಅದಕ್ಕೆ ಸಂಬಂಧಪಟ್ಟ ಖರ್ಚಿಗೆ ಇಷ್ಟು ವರ್ಷ ಕಾಯಬೇಕು ಅಂತ ಷರತ್ತು ಇರುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಈ ಕಾಯುವ ಅವಧಿಯ ಮಿತಿಯನ್ನು 4 ವರ್ಷದಿಂದ 3 ವರ್ಷಕ್ಕೆ ಇಳಿಸಿತು. ಕಡ್ಡಾಯ ಇಲ್ಲದ ಕಡೆ ವಿಮಾ ಕಂಪನಿ ತನ್ನನ್ನು ತಾನು ಉಳಿಸಿಕೊಳ್ಳುವುದು ಹೀಗೆ. ಹೊರೆ ಕೊನೆಗೆ ಕಾಯಿಲೆಯವರ ಮೇಲೇ ಬೀಳುತ್ತದೆ. ಅಮೆರಿಕ 2010ರಲ್ಲಿ ನಿಷೇಧಿಸಿದ್ದು ಇದನ್ನೇ.

ಆ ನಿಷೇಧಕ್ಕೆ ಮಾದರಿ ಸಿಕ್ಕಿದ್ದು ಮ್ಯಾಸಚೂಸೆಟ್ಸ್‌ನಲ್ಲಿ. ಅಲ್ಲಿನ ರಿಪಬ್ಲಿಕನ್ ಗವರ್ನರ್ ಮಿಟ್ ರಾಮ್ನಿ 2006ರ ಏಪ್ರಿಲ್ 12ರಂದು ಸಹಿ ಹಾಕಿದರು. ಪಕ್ಕದಲ್ಲಿ ಡೆಮಾಕ್ರಟ್ ಟೆಡ್ ಕೆನಡಿ ನಿಂತಿದ್ದರು. ಕಾಯಿಲೆಯವರನ್ನು ತಿರಸ್ಕರಿಸುವಂತಿಲ್ಲ, ಎಲ್ಲರೂ ಕೊಳ್ಳಬೇಕು, ಕೊಳ್ಳಲಾಗದವರಿಗೆ ಸರ್ಕಾರ ಸಹಾಯ ಮಾಡಬೇಕು: ಮೂರನ್ನೂ ಒಟ್ಟಿಗೆ ಕಟ್ಟಿದ್ದರು. ದಂಡ ಶುರುವಾಗುತ್ತಿದ್ದಂತೆ ಆರೋಗ್ಯವಂತರು ಸೇರುವುದೂ ಜಾಸ್ತಿಯಾಯಿತು. ಕೆಲವೇ ವರ್ಷಗಳಲ್ಲಿ ವಿಮೆ ಇಲ್ಲದವರ ಪ್ರಮಾಣ ದೇಶದಲ್ಲೇ ಅತಿ ಕಡಿಮೆಗೆ ಇಳಿಯಿತು. 2010ರ ಮಾರ್ಚ್ 23ರಂದು ಒಬಾಮಾ ಸಹಿ ಹಾಕಿದ ಕಾಯ್ದೆಯ ಹೊಲಿಗೆ ಇದೇ ಅಳತೆಯದು. 2012ರಲ್ಲಿ ಒಬಾಮಾ ಎದುರು ಅಧ್ಯಕ್ಷ ಸ್ಥಾನಕ್ಕೆ ನಿಂತ ರಾಮ್ನಿ ತಮ್ಮದೇ ಯೋಜನೆಯ ವಿರುದ್ಧ ಭಾಷಣ ಮಾಡಬೇಕಾಯಿತು. ಪಾಪ.

ಈ ಕಡ್ಡಾಯವನ್ನು ಪ್ರಶ್ನಿಸಿ ನಡೆದ ಕೋರ್ಟಿನ ಕಥೆ ಉದ್ದ, ಇಲ್ಲಿ ಚುಟುಕಾಗಿ ಹೇಳುತ್ತೇನೆ. ಸರ್ಕಾರ ವಿಮೆ ಕೊಳ್ಳಿ ಎನ್ನಬಹುದಾದರೆ ಬ್ರಾಕೊಲಿ ಕೊಳ್ಳಿ ಎಂದೂ ಹೇಳಬಹುದಲ್ಲ ಎಂದು ನ್ಯಾಯಮೂರ್ತಿ ಸ್ಕಾಲಿಯಾ ಕೇಳಿದರು. ಆ ಒಂದು ತರಕಾರಿ ಎಲ್ಲ ಪೇಪರ್‌ಗಳ ಮುಖಪುಟಕ್ಕೆ ಬಂತು. 2012ರ ಜೂನ್ 28ರಂದು ಸುಪ್ರೀಂ ಕೋರ್ಟ್ 5-4ರಲ್ಲಿ ತೀರ್ಪು ಕೊಟ್ಟಿತು. ವ್ಯಾಪಾರ ನಿಯಂತ್ರಿಸುವ ಅಧಿಕಾರದಡಿ ಹೀಗೆ ಕೊಳ್ಳಲು ಬಲವಂತ ಮಾಡುವಂತಿಲ್ಲ, ಆದರೆ ಕೊಳ್ಳದವರ ಮೇಲೆ ತೆರಿಗೆ ಹಾಕಬಹುದು ಎಂದರು ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಇದೇ ತೀರ್ಪು, ಇನ್ನೂ ಹೆಚ್ಚು ಬಡವರನ್ನು ಸೇರಿಸಿಕೊಳ್ಳುವ ಮೆಡಿಕೇಡ್ ವಿಸ್ತರಣೆಯನ್ನು ರಾಜ್ಯಗಳ ಇಷ್ಟಕ್ಕೆ ಬಿಟ್ಟಿತು. ಇವತ್ತಿಗೂ 10 ರಾಜ್ಯಗಳು ವಿಸ್ತರಿಸಿಲ್ಲ. ಬ್ರಾಕೊಲಿಗಿಂತ ಈ ಭಾಗವೇ ಬಡವರ ಬದುಕನ್ನು ಹೆಚ್ಚು ತಟ್ಟಿದ್ದು. ಆದರೆ ಅದಕ್ಕೆ ಅಷ್ಟು ಪ್ರಚಾರ ಸಿಗಲಿಲ್ಲ.

ಇನ್ನು ದಂಡವೆಂಬ ಆ ಕೋಲಿಗೆ ಎಷ್ಟು ಬಲ ಇತ್ತು ನೋಡಿ. 2014ರಲ್ಲಿ ದಂಡ 95 ಡಾಲರ್ ಅಥವಾ ತೆರಿಗೆ ಲೆಕ್ಕ ಸಲ್ಲಿಸಬೇಕಾದ ಮಿತಿಗಿಂತ ಮೇಲಿನ ಆದಾಯದ 1 ಶೇಕಡಾ. 2016ಕ್ಕೆ 695 ಡಾಲರ್ ಅಥವಾ ಶೇ. 2.5, ಯಾವುದು ಜಾಸ್ತಿಯೋ ಅದು. ವರ್ಷಕ್ಕೆ 40,000 ಡಾಲರ್ ದುಡಿಯುವ ಒಬ್ಬಂಟಿಗೆ ಸುಮಾರು 740 ಡಾಲರ್ ಆಗುತ್ತಿತ್ತು. ಪ್ರೀಮಿಯಂ ಅದರ ಎಷ್ಟೋ ಪಟ್ಟು. ಅದೂ ಅಲ್ಲದೆ, ದಂಡ ಕಟ್ಟದವರ ಮೇಲೆ ಕ್ರಿಮಿನಲ್ ಕೇಸ್ ಹಾಕುವಂತಿಲ್ಲ, ಆಸ್ತಿ ಜಪ್ತಿ ಮಾಡುವಂತಿಲ್ಲ ಎಂದು ಕಾಯ್ದೆಯಲ್ಲೇ ಬರೆದಿದ್ದರು. ತೆರಿಗೆ ರಿಫಂಡ್ ಬರುವುದಿದ್ದರೆ ಅದರಲ್ಲಿ ಮುರಿದುಕೊಳ್ಳಬಹುದು, ಅಷ್ಟೇ. ವಿರೋಧಿಗಳು ಇದನ್ನು ದಬ್ಬಾಳಿಕೆ ಎಂದು ಕೂಗಿದರು. ವಿಮೆ ಲೆಕ್ಕ ಬಲ್ಲವರು ಇದು ಸಾಕಾಗುವುದಿಲ್ಲ ಎಂದು ಗೊಣಗಿದರು. ನನ್ನ ಮಟ್ಟಿಗೆ ಎರಡನೆಯವರ ಮಾತೇ ಸರಿ.

2017ರಲ್ಲಿ ಟ್ರಂಪ್ ಸರ್ಕಾರ ಇಡೀ ಕಾಯ್ದೆಯನ್ನೇ ತೆಗೆದುಹಾಕಲು ಹೋಗಿ ಸೋತಿತು. ಜುಲೈ 28ರ ಬೆಳಗಿನ ಜಾವ ಸೆನೆಟರ್ ಜಾನ್ ಮೆಕೇನ್ ಹೆಬ್ಬೆರಳು ಕೆಳಗೆ ಮಾಡಿ ತಮ್ಮದೇ ಪಕ್ಷದ ವಿರುದ್ಧ ಮತ ಹಾಕಿದ್ದು ಎಲ್ಲರಿಗೂ ನೆನಪಿರಬಹುದು. ಅದೇ ವರ್ಷದ ಡಿಸೆಂಬರ್‌ನಲ್ಲಿ ತೆರಿಗೆ ಕಾನೂನಿನೊಳಗೆ ಒಂದು ಸಾಲು ತೂರಿಸಿ ದಂಡವನ್ನು ಸೊನ್ನೆ ಮಾಡಿದರು. 2019ರಿಂದ ಜಾರಿ. ಕಡ್ಡಾಯ ಪುಸ್ತಕದಲ್ಲಿದೆ, ದಂಡ 0 ಡಾಲರ್.

ಆಗ ಎಲ್ಲರೂ ವಾಷಿಂಗ್ಟನ್ ರಾಜ್ಯದ ಗತಿಯೇ ದೇಶಕ್ಕೂ ಬರುತ್ತದೆ ಎಂದುಕೊಂಡರು. ದಂಡ ತೆಗೆದರೆ 10 ವರ್ಷದಲ್ಲಿ 1.3 ಕೋಟಿ ಜನ ವಿಮೆಯಿಂದ ಹೊರಬೀಳುತ್ತಾರೆ ಎಂದು ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಬಜೆಟ್ ಕಚೇರಿ ಅಂದಾಜು ಮಾಡಿತ್ತು. ಮಾರುಕಟ್ಟೆ ಬೀಳಲಿಲ್ಲ. ಜನ ತಾವೇ ಪಾಲಿಸಿ ಕೊಳ್ಳಲೆಂದು 2010ರ ಕಾಯ್ದೆಯಡಿ ತೆರೆದ ಸರ್ಕಾರಿ ವಿಮಾ ಮಳಿಗೆಯಲ್ಲಿ ಪಾಲಿಸಿ ಕೊಂಡವರು 2018ರಲ್ಲಿ 1.18 ಕೋಟಿ, 2019ರಲ್ಲಿ 1.14 ಕೋಟಿ. ಬರೀ ಒಂದಿಷ್ಟು ಕುಸಿತ. ನೋಡಿದಿರಾ, ಕಡ್ಡಾಯ ಬೇಕೇ ಇರಲಿಲ್ಲ ಎಂದು ಮಾರುಕಟ್ಟೆಯ ಪರದವರು ಬೀಗಿದರು.

ನಿಜಕ್ಕೂ ಏನಾಯಿತು ಅಂತ ತಿಳಿಯಲು ಸಬ್ಸಿಡಿಯ ಲೆಕ್ಕದೊಳಗೆ ಸ್ವಲ್ಪ ಇಳಿಯಬೇಕು. ಈ ಸಬ್ಸಿಡಿ ಇಷ್ಟು ಡಾಲರ್ ಎಂಬ ನಿಗದಿ ಮೊತ್ತವಲ್ಲ. ನಿಮ್ಮ ಆದಾಯದಲ್ಲಿ ಇಷ್ಟು ಪಾಲು ನೀವು ಕಟ್ಟಿ, ನಿಮ್ಮ ಊರಿನ ಎರಡನೇ ಅಗ್ಗದ, ಸಿಲ್ವರ್ ಎಂಬ ಮಧ್ಯಮ ದರ್ಜೆಯ ಪ್ಲಾನ್‌ಗೆ ಉಳಿದದ್ದೆಷ್ಟೋ ಅದನ್ನು ಸರ್ಕಾರ ಕಟ್ಟುತ್ತದೆ ಎನ್ನುವ ಏರ್ಪಾಡು. ಲೆಕ್ಕಕ್ಕೆಂದು ಒಬ್ಬರನ್ನು ಇಟ್ಟುಕೊಳ್ಳೋಣ. ಆದಾಯ 35,000 ಡಾಲರ್, ಅವರ ಪಾಲು ವರ್ಷಕ್ಕೆ 3,250. ಪ್ರೀಮಿಯಂ 6,000 ಇದ್ದರೆ ಸರ್ಕಾರ 2,750 ಹಾಕುತ್ತದೆ. ಪ್ರೀಮಿಯಂ 9,000ಕ್ಕೆ ಏರಿದರೆ ಸರ್ಕಾರ 5,750 ಹಾಕುತ್ತದೆ. ಅವರ ಜೇಬಿನಿಂದ ಹೋಗುವುದು ಆಗಲೂ ಅದೇ 3,250. ಬೆಲೆ ಏರಿದ್ದೇ ಅವರಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಬಿಟ್ಟುಹೋಗಲು ಕಾರಣವೂ ಇಲ್ಲ. ಒಂದರ ಹಿಂದೆ ಒಂದು ಆರೋಗ್ಯವಂತರು ಜಾರಿಹೋಗುವ ಇಳಿಜಾರಿಗೆ ಇದು ಅಡ್ಡಗೋಡೆಯಾಯಿತು.

ಆ ಗೋಡೆಯ ಹೊರಗೆ ನಿಂತವರ ಕಥೆ ಬೇರೆ. ಬಡತನ ರೇಖೆಯ 4 ಪಟ್ಟಿಗಿಂತ ಹೆಚ್ಚು ಆದಾಯ ಇದ್ದವರಿಗೆ ಸಬ್ಸಿಡಿ ಇರಲಿಲ್ಲ. 2018ರಲ್ಲಿ ಸಿಲ್ವರ್ ಪ್ಲಾನ್‌ಗಳ ಪ್ರೀಮಿಯಂ ದೇಶದ ಸರಾಸರಿಯಲ್ಲಿ ಮೂರನೇ ಒಂದು ಭಾಗದಷ್ಟು ಏರಿದಾಗ ಪೂರ್ತಿ ಹೊಡೆತ ತಿಂದವರು ಇವರು. 2016ರಿಂದ 2019ರೊಳಗೆ ಸಬ್ಸಿಡಿ ಇಲ್ಲದೆ ಕೊಳ್ಳುತ್ತಿದ್ದವರ ಸಂಖ್ಯೆ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಪುಟ್ಟ ವ್ಯಾಪಾರಿಗಳು, ಸ್ವತಂತ್ರವಾಗಿ ಕೆಲಸ ಮಾಡುವವರು, ಅಂದರೆ ಮಾರುಕಟ್ಟೆಯ ಪರ ಮಾತಾಡುವವರು ಯಾರ ಹೆಸರು ಹೇಳಿ ಮಾತಾಡುತ್ತಾರೋ ಅವರೇ ಇದರಲ್ಲಿ ಜಾಸ್ತಿ. ಒಟ್ಟು ಸಂಖ್ಯೆ ಬೀಳಲಿಲ್ಲ ಎನ್ನುವ ಮಾತಿನ ಹಿಂದೆ ಇದು ಮುಚ್ಚಿಹೋಯಿತು.

ಕೋಲು ಹೋದ ಜಾಗಕ್ಕೆ ಬೆಲ್ಲ ಬಂತು ಅನ್ನಿ. 2021ರಲ್ಲಿ ಕೋವಿಡ್ ಪರಿಹಾರದ ಜೊತೆ ಬೈಡನ್ ಸರ್ಕಾರ ಬೆಲ್ಲವನ್ನು ಇನ್ನೂ ಹೆಚ್ಚಿಸಿತು. 4 ಪಟ್ಟಿನ ಮಿತಿ ತೆಗೆದು, ಯಾರೂ ಆದಾಯದ ಶೇ. 8.5ಕ್ಕಿಂತ ಜಾಸ್ತಿ ಕಟ್ಟಬೇಕಿಲ್ಲ ಎಂದಿತು. ತೀರಾ ಕಡಿಮೆ ಆದಾಯದವರಿಗೆ ಪ್ರೀಮಿಯಂ ಸೊನ್ನೆಯಾಯಿತು. 2025ಕ್ಕೆ ಮಳಿಗೆಯಲ್ಲಿ ಕೊಂಡವರು 2.4 ಕೋಟಿ ದಾಟಿದರು. ದಂಡ ಇದ್ದ ಕಾಲದಲ್ಲಿ ಆಗದಿದ್ದದ್ದು ದುಡ್ಡಿನಿಂದ ಆಯಿತು. ಪುಕ್ಕಟೆ ಅಲ್ಲ ಇದು. ಇದನ್ನು ಖಾಯಂ ಮಾಡಿದರೆ 10 ವರ್ಷಕ್ಕೆ ಸುಮಾರು 35,000 ಕೋಟಿ ಡಾಲರ್ ಬೇಕು ಎಂದು ಅದೇ ಬಜೆಟ್ ಕಚೇರಿ ಲೆಕ್ಕ ಹಾಕಿದೆ. ಪ್ರೀಮಿಯಂ ಸೊನ್ನೆ ಇದ್ದಾಗ ಜನರಿಗೆ ಗೊತ್ತೇ ಇಲ್ಲದೆ ಅವರ ಹೆಸರಲ್ಲಿ ಪಾಲಿಸಿ ಮಾಡಿಸಿ ಕಮಿಷನ್ ಹೊಡೆದ ಏಜೆಂಟರೂ ಇದ್ದರು. ರಿಪಬ್ಲಿಕನ್ನರು ಇದನ್ನು ಎತ್ತಿ ತೋರಿಸುವುದರಲ್ಲಿ ತಪ್ಪಿಲ್ಲ.

ಅವರ ವಾದದ ಗಟ್ಟಿ ಭಾಗವನ್ನೂ ನೋಡಬೇಕು. ಅಮೆರಿಕದಲ್ಲಿ ಆರೋಗ್ಯಕ್ಕೆ 2023ರಲ್ಲಿ ಆದ ಖರ್ಚು 4.9 ಲಕ್ಷ ಕೋಟಿ ಡಾಲರ್, ತಲಾ 14,570. ಬೆಲೆ ಕೇಳದೆ ಕೊಳ್ಳುವ ವಸ್ತು ಯಾವುದೂ ಅಗ್ಗವಾಗುವುದಿಲ್ಲ. ಸಬ್ಸಿಡಿ ಹೀಗೆ ಏರುತ್ತಾ ಹೋದರೆ ಪ್ರೀಮಿಯಂ ಇಳಿಸಲು ಕಂಪನಿಗಾಗಲೀ ಆಸ್ಪತ್ರೆಗಾಗಲೀ ಏನು ದರ್ದು? ಜನರ ಕೈಗೇ ದುಡ್ಡು ಕೊಡಿ, ಅವರು ಬೆಲೆ ವಿಚಾರಿಸಿ ಕೊಳ್ಳಲಿ. ಕೇಳಲು ಸರಿಯಾಗೇ ಇದೆ. 1974ರಿಂದ 1982ರವರೆಗೆ ರಾಂಡ್ ಸಂಸ್ಥೆ ಸಾವಿರಾರು ಜನರ ಮೇಲೆ ನಡೆಸಿದ ದೊಡ್ಡ ಪ್ರಯೋಗ ಇದಕ್ಕೆ ಅರ್ಧ ಬೆಂಬಲ ಕೊಡುತ್ತದೆ. ಬಹುಪಾಲು ತಾವೇ ಕೊಡಬೇಕಾದವರ ಖರ್ಚು, ಚಿಕಿತ್ಸೆ ಪೂರ್ತಿ ಪುಕ್ಕಟೆ ಸಿಕ್ಕವರ ಖರ್ಚಿಗಿಂತ ಸುಮಾರು ಶೇ. 30ರಷ್ಟು ಕಡಿಮೆ ಇತ್ತು. ಸರಾಸರಿ ಆರೋಗ್ಯದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ಉಳಿದರ್ಧ ಹೀಗಿದೆ: ಜೇಬಿನಿಂದ ಕೊಡಬೇಕಾಗಿ ಬಂದವರು ಬೇಡದ ಚಿಕಿತ್ಸೆಯ ಜೊತೆ ಬೇಕಾದ ಚಿಕಿತ್ಸೆಯನ್ನೂ ಅಷ್ಟೇ ಕಡಿಮೆ ಮಾಡಿದರು. ಬಿಪಿ ಜಾಸ್ತಿ ಇದ್ದ ಬಡವರಿಗೆ ಅದು ಕೆಟ್ಟದ್ದೇ ಆಯಿತು. ಜನರಿಗೆ ಯಾವುದು ಬೇಕು, ಯಾವುದು ಬೇಡ ಎಂದು ಬೇರ್ಪಡಿಸಲು ಬರಲಿಲ್ಲ. ಹೇಗೆ ಬರುತ್ತದೆ? ರೋಗಿಗೆ ಡಾಕ್ಟರಷ್ಟು ತಿಳಿದಿರುವುದಿಲ್ಲ, ಅದಕ್ಕೇ ಇದು ಬೇರೆ ಮಾರುಕಟ್ಟೆಗಳ ಹಾಗಲ್ಲ ಎಂದು ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಲ್ಲೇ ಬರೆದಿಟ್ಟಿದ್ದಾರೆ.

ಇದಕ್ಕಿಂತ ದೊಡ್ಡ ತೊಡಕು ಖರ್ಚು ಎಲ್ಲಿ ಕೂತಿದೆ ಎನ್ನುವುದರಲ್ಲಿದೆ. ಅಮೆರಿಕದ ವೈದ್ಯಕೀಯ ಖರ್ಚಿನ ಅರ್ಧದಷ್ಟು ಆಗುವುದು ಶೇ. 5ರಷ್ಟು ಜನರಿಗೆ. ಕ್ಯಾನ್ಸರ್, ಕಿಡ್ನಿ, ಹೃದಯ, ಅವಧಿಗೆ ಮುಂಚೆ ಹುಟ್ಟಿದ ಮಕ್ಕಳು. ಇವರ ಬಿಲ್ ವರ್ಷದ ಮೊದಲ ಕೆಲವು ವಾರಗಳಲ್ಲೇ ಯಾವುದೇ ಡಿಡಕ್ಟಿಬಲ್ (ವಿಮೆ ಕೊಡಲು ಶುರುಮಾಡುವ ಮೊದಲು ರೋಗಿಯೇ ಕಟ್ಟಬೇಕಾದ ಮೊತ್ತ) ದಾಟಿಬಿಡುತ್ತದೆ. ಆಮೇಲೆ ಬೆಲೆ ವಿಚಾರಿಸುವ ಮಾತೆಲ್ಲಿ? ಬ್ರಾಂಜ್ ಎಂಬ ಅಗ್ಗದ ದರ್ಜೆಯ ಪ್ಲಾನ್‌ಗಳ ಡಿಡಕ್ಟಿಬಲ್ 7,000 ಡಾಲರ್ ದಾಟುವುದು ಮಾಮೂಲಿ. ಖಾತೆಗೆ ಬೀಳುವ 1,000 ಡಾಲರ್ ಗಟ್ಟಿಮುಟ್ಟಾಗಿರುವವನಿಗೆ ಲಾಭ. ಕಾಯಿಲೆಯವನಿಗೆ ಇನ್ನೂ 6,000 ಡಾಲರ್‌ನ ಗುಂಡಿ ಉಳಿದೇ ಇರುತ್ತದೆ.

ಮಾರುಕಟ್ಟೆಯನ್ನೂ ಇಟ್ಟುಕೊಂಡು ಎಲ್ಲರನ್ನೂ ಒಳಗೆ ತರಲು ಆಗುವುದೇ ಇಲ್ಲ ಎಂದೇನಲ್ಲ. ಸ್ವಿಟ್ಜರ್ಲೆಂಡ್ 1996ರಿಂದ ಮಾಡುತ್ತಿದೆ. ಅಲ್ಲಿ ವಿಮೆ ಮಾರುವುದು ಖಾಸಗಿ ಸಂಸ್ಥೆಗಳೇ. ಜನ ಕಂಪನಿ ಬದಲಾಯಿಸಬಹುದು, ಡಿಡಕ್ಟಿಬಲ್ 300 ಫ್ರಾಂಕ್‌ನಿಂದ 2,500ರವರೆಗೆ ಆರಿಸಿಕೊಳ್ಳಬಹುದು. ಆದರೆ ದೇಶಕ್ಕೆ ಬಂದ 3 ತಿಂಗಳೊಳಗೆ ಕೊಳ್ಳದಿದ್ದರೆ ಆಡಳಿತವೇ ಯಾವುದಾದರೂ ಕಂಪನಿಗೆ ಸೇರಿಸುತ್ತದೆ. ಮೂಲ ವಿಮೆಯಲ್ಲಿ ಲಾಭ ಮಾಡುವಂತಿಲ್ಲ. ಮಾರುಕಟ್ಟೆಯ ಪರದವರು ಸ್ವಿಸ್ ಮಾದರಿ ಎನ್ನುವಾಗ ಮೊದಲ ಅರ್ಧ ಹೇಳುತ್ತಾರೆ, ಇನ್ನರ್ಧ ನುಂಗುತ್ತಾರೆ. ಅಲ್ಲೂ ಪ್ರೀಮಿಯಂ ಏರಿದೆ ಎಂದು ಜನ ಗೊಣಗುತ್ತಾರೆ. ಆದಾಯದ ಶೇ. 10ಕ್ಕೆ ಅದನ್ನು ಮಿತಿಗೊಳಿಸಬೇಕೆಂದು 2024ರ ಜೂನ್‌ನಲ್ಲಿ ಜನಮತ ಕೇಳಿದರು. ಜನರೇ ಬೇಡ ಎಂದರು.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದು ಎರಡು ಕಡೆಯಿಂದ ತಟ್ಟುತ್ತದೆ. ಎಚ್-1ಬಿ ವೀಸಾದಲ್ಲಿರುವ ಸಾಫ್ಟ್‌ವೇರಿನವರು ವಿಮೆಯ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಕಡಿಮೆ, ಕಂಪನಿ ನೋಡಿಕೊಳ್ಳುತ್ತದೆ. ಕೆಲಸ ಹೋದ ದಿನ ಲೆಕ್ಕ ಎದುರಿಗೆ ಬರುತ್ತದೆ. 2024ರಲ್ಲಿ ಕಂಪನಿ ಮೂಲಕ ಸಿಗುವ ಕುಟುಂಬ ವಿಮೆಯ ಸರಾಸರಿ ಪ್ರೀಮಿಯಂ ವರ್ಷಕ್ಕೆ 25,572 ಡಾಲರ್. ಅದರಲ್ಲಿ ನೌಕರರ ಸಂಬಳದಿಂದ ಹೋಗುತ್ತಿದ್ದದ್ದು ಕಾಲು ಭಾಗದಷ್ಟು. ಕೆಲಸ ಹೋದ ಮೇಲೆ ಕೋಬ್ರಾ ಕಾನೂನಿನಡಿ ಅದೇ ವಿಮೆ ಮುಂದುವರಿಸಬಹುದು, ಆದರೆ ಪೂರ್ತಿ ಪ್ರೀಮಿಯಂ ಮತ್ತು ಮೇಲೆ ಶೇ. 2ರವರೆಗೆ ಕಟ್ಟಬೇಕು. ಈ ಸರಾಸರಿಯ ಪ್ರಕಾರ ತಿಂಗಳಿಗೆ 2,170 ಡಾಲರ್ ಆಸುಪಾಸು. ಸಂಬಳ ನಿಂತಿದೆ, ವೀಸಾಕ್ಕೆ 60 ದಿನದ ಗಡುವು ಓಡುತ್ತಿದೆ, ಜೊತೆಗೆ ಇದು.

ಇನ್ನೊಂದು ಅಪ್ಪ-ಅಮ್ಮಂದಿರದ್ದು. ಮಕ್ಕಳು ಸಿಟಿಜನ್ ಆದ ಮೇಲೆ ಊರಿನಿಂದ ತಂದೆ-ತಾಯಿಯನ್ನು ಗ್ರೀನ್ ಕಾರ್ಡ್ ಮೇಲೆ ಕರೆಸಿಕೊಳ್ಳುವವರು ತುಂಬಾ. ವಯಸ್ಸು 65 ದಾಟಿದ್ದರೂ ಅಲ್ಲಿ ದುಡಿದಿಲ್ಲದ ಕಾರಣ 5 ವರ್ಷ ಮೆಡಿಕೇರ್‌ಗೆ ಸೇರಲಾಗುವುದಿಲ್ಲ. ಮೆಡಿಕೇಡ್‌ಗೂ ಹೆಚ್ಚಿನ ರಾಜ್ಯಗಳಲ್ಲಿ 5 ವರ್ಷ ಕಾಯಬೇಕು. 2010ರ ಕಾಯ್ದೆಯಲ್ಲಿ ಇಂಥವರಿಗೆಂದೇ ಒಂದು ಕಿಂಡಿ ಇತ್ತು. ಆದಾಯ ಬಡತನ ರೇಖೆಗಿಂತ ಕಡಿಮೆ ಇದ್ದು, ವಲಸಿಗರೆಂಬ ಕಾರಣಕ್ಕೆ ಮೆಡಿಕೇಡ್ ಸಿಗದವರಿಗೂ ಮಳಿಗೆಯಲ್ಲಿ ಸಬ್ಸಿಡಿ ಸಿಗುತ್ತಿತ್ತು. 2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ದೊಡ್ಡ ಕಾನೂನು 2026ರಿಂದ ಆ ಕಿಂಡಿಯನ್ನು ಮುಚ್ಚಿತು. ಸರಿ, ಮಗನ ತೆರಿಗೆ ಲೆಕ್ಕದಲ್ಲಿ ಅಪ್ಪ-ಅಮ್ಮನನ್ನು ಅವಲಂಬಿತರೆಂದು ತೋರಿಸೋಣ ಎಂದರೆ ಮಗನ ಆದಾಯವೂ ಲೆಕ್ಕಕ್ಕೆ ಬರುತ್ತದೆ. ಸಾಫ್ಟ್‌ವೇರ್ ಸಂಬಳಕ್ಕೆ ಸಬ್ಸಿಡಿ ಎಲ್ಲಿಂದ ಬರಬೇಕು? ಅತ್ತ ದರಿ, ಇತ್ತ ಪುಲಿ.

ಇನ್ನು ಸ್ಥಳೀಯರ ಮಾತು. ಹೆಚ್ಚುವರಿ ಸಬ್ಸಿಡಿ ಹೋದ ಮೇಲೆ 4 ಪಟ್ಟಿನ ಗೆರೆ ವಾಪಸ್ ಬಂದಿದೆ. 2026ಕ್ಕೆ ಇಬ್ಬರ ಕುಟುಂಬಕ್ಕೆ ಆ ಗೆರೆ 84,600 ಡಾಲರ್. 85,000 ಡಾಲರ್ ಆದಾಯದ 60 ದಾಟಿದ ದಂಪತಿ 2025ರಲ್ಲಿ ಸಿಲ್ವರ್ ಪ್ಲಾನ್‌ಗೆ ಹೆಚ್ಚೆಂದರೆ 7,225 ಡಾಲರ್ ಕಟ್ಟುತ್ತಿದ್ದರು. ಈಗ ಪೂರ್ತಿ ಪ್ರೀಮಿಯಂ ಅವರದ್ದೇ. ಆ ವಯಸ್ಸಿನ ಇಬ್ಬರಿಗೆ ಎಷ್ಟೋ ಕಡೆ ಅದು ವರ್ಷಕ್ಕೆ 20,000 ಡಾಲರಿಗೂ ಜಾಸ್ತಿ. ಗೆರೆಯಿಂದ 400 ಡಾಲರ್ ಆಚೆ ಇದ್ದದ್ದಕ್ಕೆ ಇಷ್ಟು! ವರ್ಷದ ಆರಂಭದಲ್ಲಿ ಆದಾಯ ಕಡಿಮೆ ಅಂದಾಜು ಮಾಡಿ ಸಬ್ಸಿಡಿ ಪಡೆದು, ಕೊನೆಗೆ ಗೆರೆ ದಾಟಿದರೆ ಪಡೆದದ್ದಷ್ಟನ್ನೂ ವಾಪಸ್ ಕಟ್ಟಬೇಕು ಎನ್ನುವ ನಿಯಮವೂ ಇದೆ. ಟ್ಯಾಕ್ಸಿ ಓಡಿಸುವವರು, ಮನೆ ಮಾರಾಟದ ಏಜೆಂಟರು ಡಿಸೆಂಬರ್ ಬಂದರೆ ಕೆಲಸ ಬೇಡ ಎನ್ನುವ ಪರಿಸ್ಥಿತಿ. ದುಡಿಮೆಗೆ ಬೆಲೆ ಕೊಡುತ್ತೇವೆ ಎನ್ನುವವರು ಮಾಡಿಟ್ಟದ್ದು ಇದು.

ಕಡ್ಡಾಯ ಮಾತ್ರ ಸತ್ತಿಲ್ಲ. ವೇಷ ಬದಲಿಸಿ ಬಂದಿದೆ. ಅದೇ 2025ರ ಕಾನೂನಿನ ಪ್ರಕಾರ, ವಿಸ್ತರಿಸಿದ ಮೆಡಿಕೇಡ್‌ನಲ್ಲಿರುವ ದುಡಿಯುವ ವಯಸ್ಸಿನವರು ತಿಂಗಳಿಗೆ 80 ಗಂಟೆ ಕೆಲಸ, ಸೇವೆ ಅಥವಾ ಓದು ಮಾಡುತ್ತಿದ್ದೇನೆ ಎಂದು ದಾಖಲೆ ತೋರಿಸಬೇಕು. ರಾಜ್ಯಗಳು ಇದನ್ನು 2027ರ ಜನವರಿ 1ರೊಳಗೆ ಶುರು ಮಾಡಬೇಕು. ವಿಮೆ ಕೊಳ್ಳಿ ಎಂದು ಸರ್ಕಾರ ಹೇಳುವುದು ದಬ್ಬಾಳಿಕೆ ಎಂದವರೇ, ಇಷ್ಟು ಗಂಟೆ ದುಡಿದು ಲೆಕ್ಕ ಒಪ್ಪಿಸಿ ಎನ್ನುತ್ತಿದ್ದಾರೆ.

ಅರ್ಕನ್ಸಾ ರಾಜ್ಯ 2018ರಲ್ಲಿ ಇದನ್ನು ಮಾಡಿ ನೋಡಿದೆ. ಗಂಟೆಗಳ ಲೆಕ್ಕವನ್ನು ಮೊದಲು ಆನ್‌ಲೈನ್‌ನಲ್ಲೇ ತುಂಬಬೇಕಿತ್ತು. ಆ ವೆಬ್‌ಸೈಟು ರಾತ್ರಿ 9ಕ್ಕೆ ಮುಚ್ಚಿ ಬೆಳಿಗ್ಗೆ 7ಕ್ಕೆ ತೆರೆಯುತ್ತಿತ್ತು, ಯಾವುದೋ ಸರ್ಕಾರಿ ಕೌಂಟರಿನ ಹಾಗೆ. ಕೆಲವೇ ತಿಂಗಳಲ್ಲಿ 18,000ಕ್ಕೂ ಹೆಚ್ಚು ಜನರ ವಿಮೆ ಹೋಯಿತು. ಕೆಲಸಕ್ಕೆ ಸೇರಿದವರ ಸಂಖ್ಯೆಯೇನೂ ಹೆಚ್ಚಲಿಲ್ಲ. ಹೆಚ್ಚಿನವರು ಮೊದಲೇ ದುಡಿಯುತ್ತಿದ್ದರು, ಇಲ್ಲವೇ ವಿನಾಯಿತಿಗೆ ಅರ್ಹರಾಗಿದ್ದರು. 2019ರ ಮಾರ್ಚ್‌ನಲ್ಲಿ ಕೋರ್ಟು ಅದನ್ನು ನಿಲ್ಲಿಸಿತು. ಈ ಸಲ ಕಾಂಗ್ರೆಸ್ಸೇ ಕಾನೂನು ಮಾಡಿರುವುದರಿಂದ ಕೋರ್ಟು ಅದನ್ನು ಅಷ್ಟು ಸುಲಭವಾಗಿ ನಿಲ್ಲಿಸಲಾರದು. ಮೆಡಿಕೇಡ್ ವಿಸ್ತರಿಸಿದ 40 ರಾಜ್ಯಗಳು ಈಗ ಆ ಲೆಕ್ಕ ಇಡುವ ಸಾಫ್ಟ್‌ವೇರ್ ಸಿದ್ಧಮಾಡಿಕೊಳ್ಳಬೇಕಾಗಿದೆ.